ರಸೀದಿ ಬಂದರೆ ಮಾತ್ರ ನರಕೋಶಕ್ಕೆ ಉಳಿಗಾಲ

ಕಾವಿಗೆ ಕೂರಿಸಿದ ಆರನೆಯ ರಾತ್ರಿ ಮೊಟ್ಟೆ ನೋಡಬೇಕು. ಇದು ನಮ್ಮಜ್ಜಿಯ ಲೆಕ್ಕ. ಹೇಂಟೆಯನ್ನು ಮೆಲ್ಲಗೆ ಒಂದು ಕಡೆ ಸರಿಸುತ್ತಾರೆ, ಅದು ಬೈದುಕೊಂಡು ಕುಕ್ಕುತ್ತದೆ. ಒಂದೊಂದೇ ಮೊಟ್ಟೆ ತೆಗೆದು ಟಾರ್ಚಿನ ಬಾಯಿಗೆ ಹಿಡಿಯುತ್ತಾರೆ. ಮರಿ ಕಟ್ಟದ ಮೊಟ್ಟೆಯಾದರೆ ಒಳಗೆಲ್ಲ ಒಂದೇ ಸಮ ಹಳದಿ ಬೆಳಕು. ಕಟ್ಟಿದ್ದರೆ ಕೆಂಪು ದಾರಗಳು ಜೇಡನ ಕಾಲಿನ ಹಾಗೆ ಹರಡಿಕೊಂಡಿರುತ್ತವೆ. ಅವು ರಕ್ತನಾಳಗಳು. ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ, ಅದು ಕಣ್ಣು. ಸ್ವಲ್ಪ ಹೊತ್ತು ಕೈ ಅಲುಗಿಸದೆ ಹಿಡಿದರೆ ಆ ಚುಕ್ಕೆ ತಾನಾಗಿಯೇ ಮಿಸುಕುವುದೂ ಕಾಣುತ್ತದೆ.

ಕಳೆದ ಮಾರ್ಚಿನಲ್ಲಿ ಹೀಗೆ ನೋಡುವಾಗ ಅಣ್ಣನ ಮಗಳೂ ಪಕ್ಕದಲ್ಲಿದ್ದಳು. ಪಿಯುಸಿ ಎರಡನೆಯ ವರ್ಷ, ಜೀವಶಾಸ್ತ್ರ. ಹೂ ಮಳೆ ಬಿದ್ದು ವಾರ ಕಳೆದಿತ್ತು, ತೋಟದಿಂದ ಕಾಫಿ ಹೂವಿನ ವಾಸನೆ ಕೊಟ್ಟಿಗೆಯವರೆಗೂ ಬರುತ್ತಿತ್ತು. ಅವಳಿಗೆ ಹೇಳಿದೆ: "ಈ ಮರಿಯ ಬೆನ್ನುಹುರಿಯಲ್ಲಿ ಕಾಲು ಆಡಿಸುವ ನರಕೋಶಗಳು ಈಗಾಗಲೇ ಹುಟ್ಟಿವೆ. ಇವತ್ತಿಂದ ಇನ್ನೊಂದು ವಾರದೊಳಗೆ ಅವುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಸಾಯುತ್ತವೆ."

"ಯಾಕೆ ಚಿಕ್ಕಪ್ಪ, ರೋಗವಾ?"

ಮರಿ ಆರೋಗ್ಯವಾಗಿದ್ದರೂ ಸಾಯುತ್ತವೆ. ಯಾವ ಕೋಶ ಉಳಿಯಬೇಕು, ಯಾವುದು ಹೋಗಬೇಕು ಎನ್ನುವುದರಲ್ಲಿ ದೊಡ್ಡ ಮಾತು ಕಾಲಿನದು. ಬೆನ್ನುಹುರಿ ಕಾಲಿಗೆ ಆಜ್ಞೆ ಕೊಡುತ್ತದೆ ಅಂತ ನಾವು ಓದಿದ್ದೇವೆ. ಆಜ್ಞೆ ಕೊಡುವ ಕೋಶ ಬದುಕಿರಬೇಕೋ ಬೇಡವೋ ಅನ್ನುವುದು ಮಾತ್ರ ಆಜ್ಞೆ ಕೇಳುವವನ ಕೈಯಲ್ಲಿದೆ. ಅವಳಿಗೆ ಇದು ತಲೆಕೆಳಗಾಗಿ ಕಂಡಿತು. ಯಾಕೆಂದರೆ ಪಠ್ಯಪುಸ್ತಕದ ಚಿತ್ರದಲ್ಲಿ ಬಾಣ ಒಂದೇ ಕಡೆಗಿದೆ.

ಆ ಬಾಣ ಸುಳ್ಳಲ್ಲ. ನರಕೋಶಕ್ಕೆ ಒಂದು ಮೈ, ಸುದ್ದಿ ಕೇಳಿಸಿಕೊಳ್ಳುವ ಕವಲು ಕವಲಾದ ಡೆಂಡ್ರೈಟುಗಳು, ಸುದ್ದಿ ಒಯ್ಯುವ ಒಂದು ಉದ್ದ ಎಳೆ. ಆ ಎಳೆಯೇ ಆಕ್ಸಾನ್. ಆಕ್ಸಾನಿನ ತುದಿ ಮುಂದಿನ ಕೋಶವನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲುವ ಜಾಗ ಸಿನಾಪ್ಸ್. ಮೆದುಳಿನಲ್ಲಿ ಈ ಸಂದಿಯ ಅಗಲ ಸುಮಾರು 20 ನ್ಯಾನೋಮೀಟರ್, ಅಂದರೆ ನಮ್ಮ ತಲೆಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ವಿದ್ಯುತ್ ಮಿಡಿತ ತುದಿಗೆ ಬಂದಾಗ ಅಲ್ಲಿರುವ ಪುಟ್ಟ ಚೀಲಗಳು ಒಡೆದು ರಾಸಾಯನಿಕ ಹೊರಬೀಳುತ್ತದೆ. ಅದು ಸಂದಿ ದಾಟಿ ಆಚೆ ದಡದ ಗ್ರಾಹಕಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿಗೆ, ಅಂಟುತ್ತದೆ. ಚೀಲಗಳು ಈಚೆ ದಡದಲ್ಲಿ, ಗ್ರಾಹಕಗಳು ಆಚೆ ದಡದಲ್ಲಿ. ಹಾಗಾಗಿ ಮಿಡಿತ ಹೋಗುವುದು ಒಂದೇ ದಿಕ್ಕಿಗೆ. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಜಾಲ್ ಬರೀ ಸೂಕ್ಷ್ಮದರ್ಶಕ ನೋಡಿ, ಕೈಯಲ್ಲಿ ಚಿತ್ರ ಬರೆದು ಇದನ್ನು ಊಹಿಸಿದ್ದರು. 1906ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಮಿಡಿತಕ್ಕೆ ಒಂದೇ ದಿಕ್ಕು, ಸರಿ. ಆದರೆ ಸಿನಾಪ್ಸಿನಲ್ಲಿ ಓಡಾಡುವುದು ಮಿಡಿತವೊಂದೇ ಅಲ್ಲ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ, ನನಗೆ ಅದೇ ಬೇಜಾರು.

ನಮ್ಮಜ್ಜ ಸೈನ್ಯದಲ್ಲಿದ್ದವರು. ಕೊಡಗಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಮನೆಗೊಬ್ಬರು ಸಿಗುತ್ತಾರೆ. ತಿಂಗಳು ತಿಂಗಳು ಮನೆಗೆ ಮನಿಯಾರ್ಡರ್ ಮಾಡುತ್ತಿದ್ದರು. ಆ ಫಾರಂನಲ್ಲಿ ಒಂದು ತುಂಡು ಚೀಟಿ ಇರುತ್ತಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಕೊಟ್ಟು, ಅಜ್ಜಿಯ ಸಹಿ ಹಾಕಿಸಿಕೊಂಡು, ಆ ಚೀಟಿಯನ್ನು ಕಳಿಸಿದವರಿಗೇ ವಾಪಸ್ ಹೋಗುವಂತೆ ಮಾಡುತ್ತಿದ್ದರು. ಅಜ್ಜ ರಿಟೈರ್ ಆಗಿ ಬಂದಾಗ ತಂದ ಕಬ್ಬಿಣದ ಟ್ರಂಕಿನಲ್ಲಿ ಆ ಚೀಟಿಗಳ ಕಟ್ಟು ಇವತ್ತಿಗೂ ಇದೆ. ದುಡ್ಡು ಹೋದದ್ದು ಈ ಕಡೆಗೆ, ಸಹಿ ಹೋದದ್ದು ಆ ಕಡೆಗೆ. ಒಂದು ಸಲ ಚೀಟಿ ಬರಲಿಲ್ಲವಂತೆ. ಮುಂದಿನ ತಿಂಗಳು ಅಜ್ಜ ದುಡ್ಡು ಕಳಿಸುವುದು ಬಿಟ್ಟು ಮೊದಲು ಟೆಲಿಗ್ರಾಂ ಕಳಿಸಿದರು.

ನರಕೋಶವೂ ಹೀಗೆ ರಸೀದಿಗೆ ಕಾಯುತ್ತದೆ. ವ್ಯತ್ಯಾಸ ಇಷ್ಟೇ. ರಸೀದಿ ಬಾರದಿದ್ದರೆ ಅದು ಟೆಲಿಗ್ರಾಂ ಕಳಿಸುವುದಿಲ್ಲ, ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.

ಇದು ಗೊತ್ತಾದದ್ದು ಕೋಳಿಮೊಟ್ಟೆಯಿಂದಲೇ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ವಿಕ್ಟರ್ ಹ್ಯಾಂಬರ್ಗರ್ ಮೊಟ್ಟೆಯ ಓಡಿನಲ್ಲಿ ಪುಟ್ಟ ಕಿಟಕಿ ಕೊರೆದು, ಒಳಗಿನ ಭ್ರೂಣದಲ್ಲಿ ರೆಕ್ಕೆಯಾಗಬೇಕಿದ್ದ ಮೊಳಕೆಯನ್ನು ಕತ್ತರಿಸಿ ತೆಗೆಯುತ್ತಿದ್ದರು. ಕಿಟಕಿ ಮುಚ್ಚಿ ಮೊಟ್ಟೆಯನ್ನು ಮತ್ತೆ ಬೆಚ್ಚಗಿಡುತ್ತಿದ್ದರು. ಕೆಲವು ದಿನ ಬಿಟ್ಟು ನೋಡಿದರೆ ಆ ರೆಕ್ಕೆಗೆ ಸಂಬಂಧಪಟ್ಟ ನರಕೋಶಗಳು ಬೆನ್ನುಹುರಿಯ ಆ ಬದಿಯಲ್ಲಿ ತೀರಾ ಕಡಿಮೆ. 1934ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರ ಊಹೆ ಹೀಗಿತ್ತು: ರೆಕ್ಕೆಯಿಂದ ಬೆನ್ನುಹುರಿಗೆ ಏನೋ ಒಂದು ಸುದ್ದಿ ಹೋಗುತ್ತದೆ, ಆ ಸುದ್ದಿ ಬಂದಷ್ಟು ನರಕೋಶಗಳು ಹುಟ್ಟುತ್ತವೆ.

ಆ ಬರಹ ಇಟಲಿಯ ಟ್ಯೂರಿನ್ ಊರಿನ ಒಬ್ಬ ಹುಡುಗಿಯ ಕೈ ಸೇರಿತು. ಹೆಸರು ರೀಟಾ ಲೆವಿ-ಮೊಂಟಾಲ್ಚಿನಿ. ಡಾಕ್ಟರ್ ಓದಿದವಳು, ಯಹೂದಿ. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಗೆ ಹಾಕಿತು. ರೀಟಾ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಮಸೆದು ಭ್ರೂಣ ಕೊಯ್ಯುವ ಚಾಕು ಮಾಡಿದರು. ಬಾಂಬ್ ದಾಳಿ ಜಾಸ್ತಿಯಾದಾಗ ಮನೆಯವರ ಜೊತೆ ಹಳ್ಳಿಗೆ ಹೋದರು. ಅಲ್ಲಿ ರೈತರಿಂದ ಮರಿ ಕಟ್ಟುವ ಮೊಟ್ಟೆ ಬೇಡಿ ತರುತ್ತಿದ್ದರು. ಯುದ್ಧಕಾಲ, ತಿನ್ನುವುದಕ್ಕೆ ಕಷ್ಟ. ಪ್ರಯೋಗ ಮುಗಿದ ಮೇಲೆ ಉಳಿದ ಮೊಟ್ಟೆ ಅಡುಗೆಮನೆಗೆ ಹೋಗುತ್ತಿತ್ತು. ಇದನ್ನು ಅಜ್ಜಿಗೆ ಹೇಳಿದಾಗ ಮುಖ ಸಿಂಡರಿಸಿದರು. ಆಮೇಲೆ, "ಪಾಪ, ಯುದ್ಧ ಅಲ್ವಾ" ಅಂದರು.

ಆ ಕೋಣೆಯಲ್ಲಿ ರೀಟಾ ಮಾಡಿದ ಜಾಣ ಕೆಲಸ ಏನೆಂದರೆ, ಕೊನೆಗೆ ಒಂದು ಸಲ ಎಣಿಸುವ ಬದಲು ಬೇರೆ ಬೇರೆ ದಿನದ ಭ್ರೂಣಗಳನ್ನು ತೆಗೆದು ನೋಡಿದ್ದು. ಕಾಲು ಕತ್ತರಿಸಿದ ಭ್ರೂಣದಲ್ಲೂ ನರಕೋಶಗಳು ಮೊದಲು ಹುಟ್ಟುತ್ತವೆ, ಆಕ್ಸಾನನ್ನು ಹೊರಗೆ ಕಳಿಸುತ್ತವೆ, ಆಮೇಲೆ ಸಾಯುತ್ತವೆ. ಅಂದರೆ ಹ್ಯಾಂಬರ್ಗರ್ ಹೇಳಿದ ಸುದ್ದಿ "ಹುಟ್ಟು" ಅನ್ನುವುದಲ್ಲ, "ಬದುಕು" ಅನ್ನುವುದು. ಒಂದೇ ಶಬ್ದದ ತಿದ್ದುಪಡಿ. ಇಡೀ ವಿಷಯ ತಿರುಗಿದ್ದು ಅಲ್ಲಿ.

ಮುಂದಿನದು ಕತೆಯ ಹಾಗೇ ಇದೆ. 1947ರಲ್ಲಿ ಹ್ಯಾಂಬರ್ಗರ್ ತನ್ನನ್ನು ತಿದ್ದಿದವಳನ್ನೇ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಕೆಲವು ತಿಂಗಳಿಗೆ ಅಂತ ಹೋದ ರೀಟಾ ಅಲ್ಲೇ ದಶಕಗಳು ದುಡಿದರು. ಇಲಿಯಲ್ಲಿ ಬರುವ ಒಂದು ಜಾತಿಯ ಕ್ಯಾನ್ಸರ್ ಗಡ್ಡೆಯನ್ನು ಕೋಳಿಭ್ರೂಣಕ್ಕೆ ಕಸಿ ಮಾಡಿದರೆ ನರದ ಎಳೆಗಳು ಹುಚ್ಚು ಹಿಡಿದಂತೆ ಬೆಳೆಯುತ್ತಿದ್ದವು. ಗಡ್ಡೆಯಿಂದ ಏನೋ ಸೋರುತ್ತಿದೆ ಅಂತ ಅವರಿಗೆ ಅನಿಸಿತು. ಆ "ಏನೋ" ಯಾವುದೆಂದು ಶುದ್ಧವಾಗಿ ಬೇರ್ಪಡಿಸಲು ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಶಾಸ್ತ್ರಜ್ಞ ಜೊತೆಯಾದರು. ಗಡ್ಡೆಯ ರಸದಲ್ಲಿರುವ ಬೇರೆ ವಸ್ತುವನ್ನು ಒಡೆಯಲು ಹಾವಿನ ವಿಷ ಹಾಕಿ ನೋಡಿದರೆ, ಆ ವಿಷದಲ್ಲೇ ಇವರು ಹುಡುಕುತ್ತಿದ್ದ ವಸ್ತು ಗಡ್ಡೆಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು! ವಿಷ ಬರುವುದು ಹಾವಿನ ಜೊಲ್ಲಿನ ಗ್ರಂಥಿಯಂಥದ್ದರಿಂದ ತಾನೇ, ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿಯಲ್ಲಿ? ಅಲ್ಲಿ ಇನ್ನೂ ಜಾಸ್ತಿ ಸಿಕ್ಕಿತು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಜಿಎಫ್. 1986ರ ನೊಬೆಲ್ ರೀಟಾ ಮತ್ತು ಕೋಹೆನ್‌ಗೆ ಬಂತು. ಹ್ಯಾಂಬರ್ಗರ್‌ಗೆ ಬರಲಿಲ್ಲ. ನನ್ನ ಕೇಳಿದರೆ ಅದು ಸರಿಯಾಗಲಿಲ್ಲ. ರೀಟಾ 103 ವರ್ಷ ಬದುಕಿ 2012ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಂದು ಮಾತು ಸೇರಿಸಬೇಕು. ಎನ್‌ಜಿಎಫ್ ಎಲ್ಲ ನರಕ್ಕೂ ಆಗುವ ಮದ್ದಲ್ಲ. ನೋವು, ಬಿಸಿ ತಿಳಿಸುವ ನರಗಳಿಗೂ, ಎದೆಬಡಿತ, ಬೆವರು ಇವನ್ನು ನೋಡಿಕೊಳ್ಳುವ ಸಿಂಪಥೆಟಿಕ್ ನರಗಳಿಗೂ ಅದು ಬೇಕು. ಕಾಲು ಆಡಿಸುವ ನರಕೋಶಗಳಿಗೆ ಬೇರೆ ಪ್ರೋಟೀನುಗಳಿವೆ. 1982ರಲ್ಲಿ ಹಂದಿಯ ಮೆದುಳಿನಿಂದ ಬಿಡಿಎನ್‌ಎಫ್ ಎಂಬ ಇನ್ನೊಂದು ಸಿಕ್ಕಿತು. ಆಮೇಲೆ ಒಂದೊಂದಾಗಿ ಮತ್ತಷ್ಟು. ತತ್ವ ಮಾತ್ರ ಒಂದೇ: ಮುಂದಿನವನು ಅಳೆದು ಕೊಡುತ್ತಾನೆ, ಬಂದವರಿಗೆಲ್ಲ ಸಾಲುವುದಿಲ್ಲ. ಕೋಳಿಭ್ರೂಣಕ್ಕೆ ಇನ್ನೊಂದು ಕಾಲು ಕಸಿ ಮಾಡಿ 1976ರಲ್ಲಿ ಹ್ಯಾಂಬರ್ಗರ್ ಮತ್ತು ಮಾರ್ಗರೆಟ್ ಹಾಲಿಡೇ ನೋಡಿದರು. ಸಾಯಬೇಕಿದ್ದ ನರಕೋಶಗಳಲ್ಲಿ ಹಲವು ಉಳಿದುಕೊಂಡವು. ಮನೆ ದೊಡ್ಡದಾಯಿತು, ಊಟಕ್ಕೆ ಜಾಸ್ತಿ ಜನ ಕೂತರು.

ಹಾಗಾದರೆ ಮೊದಲೇ ಲೆಕ್ಕ ಮಾಡಿ ಬೇಕಾದಷ್ಟೇ ಕೋಶ ಹುಟ್ಟಿಸಬಹುದಿತ್ತಲ್ಲ? ಅಣ್ಣನ ಮಗಳೂ ಇದನ್ನೇ ಕೇಳಿದಳು. ಹುಟ್ಟಿಸಬೇಕಾದರೆ ಯಾವ ಸ್ನಾಯು ಎಷ್ಟು ದೊಡ್ಡದಾಗುತ್ತದೆ ಅಂತ ಬೆನ್ನುಹುರಿಗೆ ಮೊದಲೇ ಗೊತ್ತಿರಬೇಕು. ಅದಕ್ಕೆ ಹೇಗೆ ಗೊತ್ತಾಗಬೇಕು? ಅದರ ಬದಲು ಜಾಸ್ತಿ ಹುಟ್ಟಿಸಿ, ಉಳಿಸುವ ಕೆಲಸವನ್ನು ಸ್ನಾಯುವಿಗೇ ಬಿಟ್ಟರೆ ಲೆಕ್ಕ ತಾನಾಗಿಯೇ ಕೂಡುತ್ತದೆ. ದಾರಿ ತಪ್ಪಿ ಬೇರೆಲ್ಲೋ ಹೋದ ಆಕ್ಸಾನಿಗೆ ರಸೀದಿ ಸಿಗುವುದಿಲ್ಲ, ಆ ತಪ್ಪೂ ಸಾಮಾನ್ಯವಾಗಿ ಹಾಗೇ ಅಳಿಸಿಹೋಗುತ್ತದೆ.

ಈ ರಸೀದಿ ಹಿಂದಕ್ಕೆ ಪ್ರಯಾಣ ಮಾಡುವುದು ಹೇಗೆ? ದೊಡ್ಡವರಲ್ಲಿ ಸೊಂಟದ ಹತ್ತಿರದ ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಆಕ್ಸಾನ್ ಹತ್ತಿರ ಹತ್ತಿರ ಒಂದು ಮೀಟರ್. ಎನ್‌ಜಿಎಫ್‌ನಂಥ ಕಣ ಆಕ್ಸಾನಿನ ತುದಿಯಲ್ಲಿರುವ ಗ್ರಾಹಕಕ್ಕೆ ಅಂಟುತ್ತದೆ. ತುದಿ ಆ ಜೋಡಿಯನ್ನು ಹಾಗೇ ಒಳಕ್ಕೆ ಎಳೆದುಕೊಂಡು ಪುಟ್ಟ ಚೀಲದಲ್ಲಿ ಕಟ್ಟುತ್ತದೆ. ಆಕ್ಸಾನಿನ ಉದ್ದಕ್ಕೂ ಹಳಿಗಳಂಥ ಕೊಳವೆಗಳಿವೆ. ಅದರ ಮೇಲೆ ಡೈನೀನ್ ಎಂಬ ಪ್ರೋಟೀನ್ ಚೀಲವನ್ನು ಹೊತ್ತು, ಎರಡು ಕಾಲಲ್ಲಿ ಹೆಜ್ಜೆ ಹಾಕಿದ ಹಾಗೆ ಕೋಶದ ಮೈ ಕಡೆಗೆ ನಡೆಯುತ್ತದೆ. ಸಾಮಾನು ತುದಿಯ ಕಡೆ ಒಯ್ಯುವ ಆಳು ಬೇರೆ, ಅದು ಕೈನೆಸಿನ್. ಡೈನೀನ್ ದಿನಕ್ಕೆ 10ರಿಂದ 20 ಸೆಂಟಿಮೀಟರ್ ದಾಟುತ್ತದೆ. ಪಾದದಿಂದ ಹೊರಟ ಚೀಟಿ ಬೆನ್ನಿಗೆ ಮುಟ್ಟಲು ಸುಮಾರು ಒಂದು ವಾರ. ಅಜ್ಜನ ಮನಿಯಾರ್ಡರ್ ರಸೀದಿಗೂ ಹೆಚ್ಚುಕಮ್ಮಿ ಅಷ್ಟೇ ದಿನ ಹಿಡಿಯುತ್ತಿತ್ತಂತೆ. ಚೀಲ ಮುಟ್ಟಿದ ಮೇಲೆ ಕೋಶಕೇಂದ್ರದಲ್ಲಿ ಬದುಕುವುದಕ್ಕೆ ಬೇಕಾದ ಜೀನುಗಳು ಚಾಲೂ ಆಗುತ್ತವೆ, ಆತ್ಮಹತ್ಯೆಯ ಯಂತ್ರಕ್ಕೆ ಬೀಗ ಬೀಳುತ್ತದೆ.

ರಾಬರ್ಟ್ ಕ್ಯಾಂಪೆನಾಟ್ 1977ರಲ್ಲಿ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಗದ್ದೆಗೆ ಬದು ಹಾಕಿದ ಹಾಗೆ, ಕೋಶ ಬೆಳೆಸುವ ತಟ್ಟೆಯನ್ನು ಮೂರು ಭಾಗ ಮಾಡಿದರು. ಮಧ್ಯದ ಭಾಗದಲ್ಲಿ ನರಕೋಶಗಳು. ಬದುವಿನ ಅಡಿಯಲ್ಲಿ ಆಕ್ಸಾನ್ ಮಾತ್ರ ನುಸುಳುತ್ತದೆ, ನೀರು ಬೆರೆಯುವುದಿಲ್ಲ. ಎನ್‌ಜಿಎಫ್ ಇದ್ದ ಗದ್ದೆಗೆ ಮಾತ್ರ ಎಳೆಗಳು ಬೆಳೆದವು. ಬೆಳೆದ ಮೇಲೆ ಒಂದು ಗದ್ದೆಯಿಂದ ಎನ್‌ಜಿಎಫ್ ತೆಗೆದರೆ, ಕೋಶಕ್ಕೆ ಬೇರೆ ಕಡೆಯಿಂದ ಸಿಗುತ್ತಿದ್ದರೂ, ಆ ಗದ್ದೆಯ ಎಳೆಗಳು ಮಾತ್ರ ಒಣಗಿದವು. ಅಂದರೆ ರಸೀದಿ ಎರಡು ಕೆಲಸ ಮಾಡುತ್ತದೆ. ದೂರದ ಮೈಗೆ "ಬದುಕು" ಅನ್ನುತ್ತದೆ, ತುದಿಗೆ "ಇಲ್ಲೇ ಇರು" ಅನ್ನುತ್ತದೆ.

ಈ ಹಿಂದಿನ ದಾರಿ ಕಳ್ಳರಿಗೂ ಗೊತ್ತು. ಹುಚ್ಚುನಾಯಿ ಕಚ್ಚಿದಾಗ ರೇಬಿಸ್ ವೈರಸ್ ಸ್ನಾಯುವಿನಿಂದ ನರದ ತುದಿಗೆ ನುಗ್ಗಿ, ಇದೇ ಡೈನೀನಿನ ಹೆಗಲೇರಿ ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿಂದ ಸಿನಾಪ್ಸುಗಳನ್ನು ಹಿಂದು ಹಿಂದಕ್ಕೆ ದಾಟಿ ಮೆದುಳು ಸೇರುತ್ತದೆ. ಕಚ್ಚಿದ ಕೂಡಲೇ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಇಂಜೆಕ್ಷನ್ ತಗೊಳ್ಳಿ ಅನ್ನುವುದು ಅದಕ್ಕೇ. ಪ್ರಯಾಣಕ್ಕೆ ಹಿಡಿಯುವ ಸಮಯವೇ ನಮಗೆ ಸಿಗುವ ಅವಕಾಶ. ಧನುರ್ವಾಯುವಿನ ವಿಷವೂ ಇದೇ ರಸ್ತೆ ಹಿಡಿಯುತ್ತದೆ. ತೋಟದಲ್ಲಿ ಕತ್ತಿ, ಗುದ್ದಲಿ ತಾಗಿಸಿಕೊಂಡವರಿಗೆ ಟಿಟಿ ಚುಚ್ಚಿಸುವುದು ಸುಮ್ನೆ ಅಲ್ಲ. ವಿಜ್ಞಾನಿಗಳು ರೇಬಿಸ್ ವೈರಸ್ಸಿನ ಹಲ್ಲು ಕಿತ್ತು, ಒಂದೇ ಒಂದು ಸಿನಾಪ್ಸ್ ಹಿಂದಕ್ಕೆ ದಾಟುವಂತೆ ಮಾಡಿ, ಯಾವ ಕೋಶಕ್ಕೆ ಯಾರು ಸುದ್ದಿ ಕೊಡುತ್ತಾರೆ ಎಂದು ನಕ್ಷೆ ಬರೆಯಲು 2007ರಿಂದ ಬಳಸುತ್ತಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಬದುಕು ಸಾವಿನ ಮಾತು. ಕೋಶ ಬದುಕಿದ ಮೇಲೆ ಇನ್ನೊಂದು ಸುತ್ತು ಇದೆ. ಇದನ್ನು ಹೇಳುವುದಕ್ಕೆ ಕೊಡಗಿನವರಿಗೆ ಮೆಣಸಿನ ಬಳ್ಳಿಗಿಂತ ಒಳ್ಳೆಯ ಉದಾಹರಣೆ ಬೇಡ.

ಸಿಲ್ವರ್ ಓಕ್ ಬುಡಕ್ಕೋ ಹಾಲುವಾಣದ ಬುಡಕ್ಕೋ ನಾವು ಎರಡು ಮೂರು ಮೆಣಸಿನ ಬಳ್ಳಿ ನೆಡುತ್ತೇವೆ. ನಮ್ಮ ತಲೆಯ ಹಿಂಭಾಗದಲ್ಲಿ, ಸೆರೆಬೆಲ್ಲಮ್ ಎಂಬ ಕಿರುಮೆದುಳಿನಲ್ಲಿ, ಪರ್ಕಿಂಜೆ ಕೋಶ ಅಂತ ಇದೆ. ಅದರ ಡೆಂಡ್ರೈಟುಗಳು ಕೈಯಗಲಿಸಿದ ಮರದ ಹಾಗೇ ಕಾಣುತ್ತವೆ. ಆ ಮರಕ್ಕೆ ಮೆದುಳಿನ ಕೆಳಭಾಗದಿಂದ ಬಂದ ಆಕ್ಸಾನ್ ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೇರುತ್ತದೆ. ಹೆಸರೇ ಕ್ಲೈಂಬಿಂಗ್ ಫೈಬರ್, ಹತ್ತುವ ಎಳೆ. ಕಜಾಲ್ ಕೂಡ ಇದನ್ನು ಮರಕ್ಕೆ ಹಬ್ಬಿದ ಬಳ್ಳಿಗೇ ಹೋಲಿಸಿದ್ದರು. ಬೆಳೆದ ಪ್ರಾಣಿಯಲ್ಲಿ ಒಂದು ಪರ್ಕಿಂಜೆ ಮರಕ್ಕೆ ಸಾಮಾನ್ಯವಾಗಿ ಒಂದೇ ಬಳ್ಳಿ. ಆ ಒಂದೇ ಬಳ್ಳಿ ಮರದ ಮೇಲೆ ನೂರಾರು ಕಡೆ ಸಿನಾಪ್ಸ್ ಮಾಡಿರುತ್ತದೆ.

ಆದರೆ ಹುಟ್ಟಿದ ಇಲಿಮರಿಯಲ್ಲಿ ನೋಡಿದರೆ ಒಂದು ಮರದ ಬುಡಕ್ಕೆ ಹಲವು ಬಳ್ಳಿ. ಎಲ್ಲವೂ ಬಡಕಲು, ಎಲ್ಲವೂ ಒಂದೇ ಸಮ. ಮೊದಲ ವಾರದಲ್ಲಿ ಒಂದು ಬಳ್ಳಿ ಸ್ವಲ್ಪ ಮುಂದಾಗುತ್ತದೆ. ಆಮೇಲೆ ಆ ಒಂದೇ ಬಳ್ಳಿ ಕೊಂಬೆಗಳ ಕಡೆ ಹತ್ತಲು ಶುರು ಮಾಡುತ್ತದೆ. ಉಳಿದವು ಬುಡದಲ್ಲೇ ಉಳಿದು, ಮೂರನೆಯ ವಾರದ ಹೊತ್ತಿಗೆ ಕಳಚಿ ಹೋಗುತ್ತವೆ. ತೋಟದಲ್ಲಿ ಯಾವ ಬಳ್ಳಿಯನ್ನು ಮರಕ್ಕೆ ಕಟ್ಟಬೇಕು, ಯಾವುದನ್ನು ಬಿಡಬೇಕು ಅಂತ ನಾವು ನಿರ್ಧಾರ ಮಾಡುತ್ತೇವೆ. ಇಲ್ಲಿ ಆ ನಿರ್ಧಾರದಲ್ಲಿ ಮರಕ್ಕೇ ಕೈಯಿದೆ.

ಹೇಗೆ ಅನ್ನುವುದನ್ನು ಟೋಕಿಯೋದ ಮಸನೊಬು ಕಾನೊ ಅವರ ತಂಡ 2014ರಲ್ಲಿ ತೋರಿಸಿತು. ಪರ್ಕಿಂಜೆ ಕೋಶ ಎರಡು ಪ್ರೋಟೀನು ಕೊಡುತ್ತದೆ, ಎರಡೂ ಸೆಮಾಫೊರಿನ್ ಕುಟುಂಬದವು. ಸೆಮಾ3ಎ ಬಂದರೆ ಬಳ್ಳಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸೆಮಾ7ಎ ಬಂದರೆ ಬಳ್ಳಿ ಕಳಚಿಕೊಳ್ಳುತ್ತದೆ. ಪರ್ಕಿಂಜೆ ಕೋಶದಲ್ಲಿ ಸೆಮಾ7ಎ ಆಗದಂತೆ ತಡೆದಾಗ ಬೇಡದ ಬಳ್ಳಿಗಳು ಹೋಗದೆ ಉಳಿದವು. ಅಣ್ಣನ ಮಗಳು ಕೇಳಿದಳು, "ಮರ ಬುದ್ಧಿ ಉಪಯೋಗಿಸಿ ಆರಿಸುತ್ತದಾ?" ಬುದ್ಧಿ ಏನೂ ಇಲ್ಲ. ಯಾವ ಬಳ್ಳಿ ಮಿಡಿದಾಗ ಮರವೂ ಜೋರಾಗಿ ಮಿಡಿಯುತ್ತದೋ ಆ ಬಳ್ಳಿಗೆ ಅನುಕೂಲ. ಮರದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದರ ಮೇಲೆ ಹಿಂದಕ್ಕೆ ಹೋಗುವ ಸುದ್ದಿ ನಿಂತಿದೆ. ಮುಂದಕ್ಕೆ ಬಂದ ಮಾತಿಗೆ ಸಿಕ್ಕ ಉತ್ತರ ಅದು.

ಸ್ನಾಯುವಿನಲ್ಲೂ ಇದೇ ಕತೆ. ಹುಟ್ಟಿದ ಇಲಿಮರಿಯ ಒಂದು ಸ್ನಾಯುತಂತುವಿಗೆ ಹಲವು ಆಕ್ಸಾನ್ ಅಂಟಿರುತ್ತವೆ. ಎರಡು ವಾರದಲ್ಲಿ ಒಂದೇ ಉಳಿಯುತ್ತದೆ.

ಹಿಮ್ಮುಖ ಸುದ್ದಿ ಸೋತವರನ್ನು ಕಳಿಸುವುದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಸಿನಾಪ್ಸ್ ಕಟ್ಟುವಾಗಲೂ ಬೇಕು. 2000ರಲ್ಲಿ ಪೀಟರ್ ಶೈಫೆಲೆ ಮತ್ತು ಜೊತೆಯವರು ನರಕ್ಕೆ ಸಂಬಂಧವೇ ಇಲ್ಲದ, ಮೂತ್ರಪಿಂಡದಿಂದ ಬಂದ ಕೋಶಗಳಿಗೆ ನ್ಯೂರೊಲಿಗಿನ್ ಎಂಬ ಪ್ರೋಟೀನ್ ಕೊಟ್ಟರು. ಸಿನಾಪ್ಸಿನ ಆಚೆ ದಡದಲ್ಲಿ ಇರುವ ಪ್ರೋಟೀನ್ ಅದು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಆಕ್ಸಾನುಗಳು ಆ ಮೂತ್ರಪಿಂಡದ ಕೋಶ ಮುಟ್ಟಿದಲ್ಲೇ ಚೀಲಗಳನ್ನು ಪೇರಿಸಿ ಸಿನಾಪ್ಸಿನ ತಮ್ಮ ಅರ್ಧ ಕಟ್ಟಿಬಿಟ್ಟವು! ಮನೆಯ ಬಾಗಿಲಲ್ಲಿ ತೋರಣ ಕಂಡರೆ ಸಾಕು, ಒಳಗೆ ಯಾರಿದ್ದಾರೆ ಅಂತ ನೋಡದೆ ನೆಂಟರು ಚಪ್ಪಲಿ ಬಿಟ್ಟ ಹಾಗೆ. ಈ ಪ್ರೋಟೀನಿನ ಜೀನುಗಳಲ್ಲಿ ಬದಲಾವಣೆ ಇರುವುದು ಆಟಿಸಂ ಇರುವ ಕೆಲವು ಕುಟುಂಬಗಳಲ್ಲಿ 2003ರಲ್ಲಿ ಕಂಡುಬಂತು.

ಆಚೆಯ ಕೋಶ ಎರಡು ಬೇರೆ ಬೇರೆ ಚೀಟಿಯನ್ನೂ ಬರೆಯಬಲ್ಲದು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಎಫ್‌ಜಿಎಫ್22 ಎಂಬ ಪ್ರೋಟೀನ್ ಕಳಿಸಿದರೆ ಬರುವ ಆಕ್ಸಾನಿನಲ್ಲಿ "ಮಿಡಿ" ಅನ್ನುವ ಜಾತಿಯ ಸಿನಾಪ್ಸಿನ ತಯಾರಿ ಆಗುತ್ತದೆ. ಎಫ್‌ಜಿಎಫ್7 ಕಳಿಸಿದರೆ "ಸುಮ್ಮನಿರು" ಅನ್ನುವ ಜಾತಿಯದು. ಈ ಎರಡರ ತೂಕ ತಪ್ಪಿದರೆ ಅಪಸ್ಮಾರದಂಥ ತೊಂದರೆ ಬರುತ್ತದೆ, ಇಲಿಗಳಲ್ಲಿ ಇದನ್ನು ನೋಡಿದ್ದಾರೆ.

ಇನ್ನು ನೊಣದ ವಿಷಯ. ಪಚ್ಚಬಾಳೆ ಹಣ್ಣಾದರೆ ಮುತ್ತುವ ಆ ಸಣ್ಣ ನೊಣ. ಅದರ ಹುಳು ನಾಲ್ಕೇ ದಿನದಲ್ಲಿ ದೈತ್ಯನಾಗುತ್ತದೆ, ಸ್ನಾಯು ಸುಮಾರು ನೂರು ಪಟ್ಟು ಬೆಳೆಯುತ್ತದೆ. ನರದ ಎಳೆಗಳ ಸಂಖ್ಯೆ ಮಾತ್ರ ಅಷ್ಟೇ. ಹಾಗಾದರೆ ಅಷ್ಟು ದೊಡ್ಡ ಸ್ನಾಯುವನ್ನು ಅದೇ ನರ ಹೇಗೆ ಆಡಿಸುತ್ತದೆ? ಸ್ನಾಯು ಬೆಳೆದ ಹಾಗೆ ಒಂದು ಪ್ರೋಟೀನನ್ನು ನರದ ಕಡೆ ಬಿಡುತ್ತದೆ. "ನಾನು ದೊಡ್ಡವನಾದೆ, ನೀನೂ ಬೆಳೆ" ಅಂದ ಹಾಗೆ. ನರದ ತುದಿ ಅದಕ್ಕೆ ತಕ್ಕಂತೆ ಅಂಗಿಯ ಗುಂಡಿಯಂಥ ಹೊಸ ಹೊಸ ಉಬ್ಬುಗಳನ್ನು ಕಟ್ಟುತ್ತದೆ. ಆ ಪ್ರೋಟೀನಿನ ಹೆಸರು ಗ್ಲಾಸ್ ಬಾಟಮ್ ಬೋಟ್, ಗಾಜಿನ ತಳದ ದೋಣಿ. ನರದಲ್ಲಿರುವ ಅದರ ಗ್ರಾಹಕದ ಹೆಸರು ವಿಶ್‌ಫುಲ್ ಥಿಂಕಿಂಗ್, ಅಂದರೆ ಮನಸ್ಸಿನ ಮಂಡಿಗೆ! ನೊಣದ ಜೀನುಗಳಿಗೆ ಹೆಸರಿಡುವವರು ಹೀಗೇ.

ಇದೇ ನೊಣದ ಹುಳುವಿನಲ್ಲಿ 2006ರಲ್ಲಿ ಇನ್ನೊಂದು ಸಂಗತಿ ಕಂಡರು. ಒಂದು ಜಾತಿ ಕಣಜದ ವಿಷದಿಂದ ಸ್ನಾಯುವಿನ ಗ್ರಾಹಕಗಳನ್ನು ಅರ್ಧ ಮುಚ್ಚಿದರೆ, ಹತ್ತೇ ನಿಮಿಷದಲ್ಲಿ ನರದ ತುದಿ ಜಾಸ್ತಿ ರಾಸಾಯನಿಕ ಸುರಿದು ಸರಿದೂಗಿಸುತ್ತದೆ. ಇಲ್ಲಿ ಡೈನೀನ್ ಹೊತ್ತು ನಡೆಯುವಷ್ಟು ಸಮಯವೇ ಇಲ್ಲ, ಮಾತು ಸಂದಿಯಲ್ಲೇ ಮುಗಿಯುತ್ತದೆ. ಕಿವಿ ಮಂದವಾದ ಅಜ್ಜಿ "ಆಂ?" ಅಂದ ಕೂಡಲೇ ನಾವು ದನಿ ಏರಿಸುವುದಿಲ್ಲವೇ, ಹಾಗೆ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಮನುಷ್ಯರ ಸ್ನಾಯುಗ್ರಾಹಕಗಳು ಹಾಳಾಗುತ್ತವೆ, ರೆಪ್ಪೆ ಜೋತುಬೀಳುತ್ತದೆ. ಅವರ ನರದ ತುದಿಗಳೂ ಹೀಗೇ ಜಾಸ್ತಿ ಸುರಿಯುತ್ತಿರುತ್ತವೆ.

ಇನ್ನೂ ವೇಗದ ಹಿಮ್ಮುಖ ಮಾತಿಗೆ ನಮ್ಮ ಪರಿಚಯದ ಹೆಸರೇ ಇದೆ. 1992ರಲ್ಲಿ ಜೆರುಸಲೇಮಿನ ರಫಾಯಲ್ ಮೆಕೂಲಂ ಅವರ ಪ್ರಯೋಗಾಲಯದಲ್ಲಿ ಮೆದುಳೇ ತಯಾರಿಸುವ ಒಂದು ಕೊಬ್ಬಿನಂಥ ವಸ್ತು ಸಿಕ್ಕಿತು. ಗಾಂಜಾದ ಅಮಲು ಕೂರುವ ಸಿಬಿ1 ಎಂಬ ಗ್ರಾಹಕಕ್ಕೇ ಇದೂ ಕೂರುತ್ತದೆ. ಅದಕ್ಕೆ ಇಟ್ಟ ಹೆಸರು ಅನಂಡಮೈಡ್, ಮೊದಲರ್ಧ ನಮ್ಮ "ಆನಂದ"ದಿಂದಲೇ ತೆಗೆದದ್ದು. ಅದರ ದಾಯಾದಿ 2-ಎಜಿ ಎಂಬ ಇನ್ನೊಂದಿದೆ. ಇವನ್ನು ಮೊದಲೇ ಮಾಡಿ ಚೀಲದಲ್ಲಿ ತುಂಬಿಡುವುದಿಲ್ಲ. ಕೇಳುವ ಕೋಶಕ್ಕೆ ಮಾತು ಜಾಸ್ತಿಯಾದಾಗ ಪೊರೆಯ ಕೊಬ್ಬಿನಿಂದ ಆಗಿಂದಾಗ್ಗೆ ಮಾಡಿ ಹಿಂದಕ್ಕೆ ಬಿಡುತ್ತದೆ. ಹೇಳುವ ಕೋಶದ ತುದಿಯ ಸಿಬಿ1 ಗ್ರಾಹಕಕ್ಕೆ ಅದು ಕೂತರೆ ಅಲ್ಲಿ ಕ್ಯಾಲ್ಸಿಯಂ ಬರುವುದು ಕಡಿಮೆಯಾಗಿ ರಾಸಾಯನಿಕ ಸುರಿಯುವುದೂ ಕಡಿಮೆಯಾಗುತ್ತದೆ. ಎಲ್ಲ ಕೆಲವೇ ಸೆಕೆಂಡಿನಲ್ಲಿ. 2001ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಇದನ್ನೇ ತೋರಿಸಿದವು.

ಮೆದುಳು ಕಟ್ಟುವ ಕಾಲದಲ್ಲಿ ಇದೇ ಸಿಬಿ1 ಗ್ರಾಹಕ ಬೆಳೆಯುತ್ತಿರುವ ಆಕ್ಸಾನಿನ ಮೂತಿಯಲ್ಲೂ ಇರುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅನ್ನುವುದಕ್ಕೆ ಅದರದ್ದೂ ಪಾಲಿದೆ ಎಂದು 2007ರಲ್ಲಿ ಗೊತ್ತಾಯಿತು. ಬಸುರಿಯರು ಗಾಂಜಾದಿಂದ ದೂರ ಇರಬೇಕು ಅಂತ ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. ಹೊರಗಿನಿಂದ ಬಂದ ವಸ್ತು ಅದೇ ಬೀಗಕ್ಕೆ ಕೂತರೆ, ಯಾರೂ ಬರೆಯದ ರಸೀದಿ ಎಲ್ಲೆಲ್ಲೂ ಹಂಚಿದ ಹಾಗೆ.

ಹನ್ನೊಂದು ಮೊಟ್ಟೆಯಲ್ಲಿ ಎರಡನ್ನು ಅಜ್ಜಿ ಆರನೆಯ ರಾತ್ರಿಯೇ ತೆಗೆದಿಟ್ಟಿದ್ದರು. ಉಳಿದ ಒಂಬತ್ತರಲ್ಲಿ ಇಪ್ಪತ್ತೊಂದನೆಯ ದಿನ ಎಂಟು ಒಡೆದವು. ಮರಿಗಳು ಮೊದಲು ಒದ್ದೆಯಾಗಿ ಬಿದ್ದುಕೊಂಡಿದ್ದವು. ಆಮೇಲೆ ಕಾಲು ಚಾಚಿ, ಮಗುಚಿ, ಮತ್ತೆ ಚಾಚಿ ನಿಂತವು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ತಾಯಿಯ ಹಿಂದೆ ಓಡಾಡುತ್ತಿದ್ದವು. ಅಣ್ಣನ ಮಗಳು ಪುಸ್ತಕ ತೆಗೆದು ಸಿನಾಪ್ಸಿನ ಚಿತ್ರದಲ್ಲಿ ಪೆನ್ಸಿಲಿನಿಂದ ಇನ್ನೊಂದು ಬಾಣ ಹಾಕಿದಳು, ಬಲದಿಂದ ಎಡಕ್ಕೆ.

"ಪರೀಕ್ಷೆಯಲ್ಲೂ ಹೀಗೇ ಹಾಕ್ಲಾ ಚಿಕ್ಕಪ್ಪ?"

"ಮೊದಲ ಬಾಣ ಪೆನ್ನಲ್ಲಿ ಹಾಕು, ಮಾರ್ಕ್ಸ್ ಅದಕ್ಕೇ. ಇದನ್ನ ಪೆನ್ಸಿಲಲ್ಲೇ ಬಿಡು" ಅಂದೆ. ಅಜ್ಜಿ ಅಷ್ಟರಲ್ಲಿ ನುಚ್ಚಕ್ಕಿ ತರಲು ಒಳಗೆ ಹೋಗಿದ್ದರು.